ಬಿಸಿ ತಾಗದ ಹಾಗೆ

ಗಾಜು ಒಡೆಯುವುದರಲ್ಲಿ ನಮ್ಮ ಮನೆಯ ಹೆಂಗಸರಿಗೆ ಮೊದಲಿನಿಂದಲೂ ಒಳ್ಳೆಯ ಹೆಸರಿದೆ. ನಮ್ಮಜ್ಜಿ ಒಡೆದದ್ದು ಲಾಟೀನಿನ ಗಾಜುಗಳನ್ನು. ನಮ್ಮಮ್ಮ ತವರಿನಿಂದ ತಂದಿದ್ದ ಆರು ಗಾಜಿನ ಲೋಟಗಳಲ್ಲಿ ಐದನ್ನು ಒಡೆದರು. ಆರನೆಯದನ್ನು ನಾನು ಒಡೆದೆ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ನಮ್ಮ ಮನೆಯವರ ಬಾಯಲ್ಲಿದೆ, ಯಾರಾದರೂ ಬಂದಾಗ ಕೇಳದಿದ್ದರೂ ಒಪ್ಪಿಸುತ್ತಾರೆ.

ಆದರೆ ಒಂದು ಮಾತು. ಕೈಜಾರಿ ಬಿದ್ದು ಒಡೆದದ್ದು ನಮ್ಮಲ್ಲಿ ಕಡಿಮೆ. ನಮ್ಮದೆಲ್ಲ ಬಿಸಿಯಿಂದ ಒಡೆದದ್ದು. ಉರಿಯುತ್ತಿರುವ ಲಾಟೀನಿನ ಗಾಜಿನ ಮೇಲೆ ಒಂದು ಚೂರು ಮಸಿ ಉಳಿದಿದೆಯೆಂದು ಅಜ್ಜಿ ಒದ್ದೆ ಸೆರಗಿನಿಂದ ಮುಟ್ಟಿದರೆ ಸಾಕು, 'ಚಟ್' ಎಂದು ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ. ಆ ಸದ್ದು ಕೇಳಿದ ಕೂಡಲೇ ತಾತ ಜಗುಲಿಯಿಂದಲೇ "ನಾಲ್ಕಾಣೆ!" ಎನ್ನುತ್ತಿದ್ದರು. ಅಮ್ಮ ಮಾತ್ರ ಐದು ಲೋಟ ಕಳೆದುಕೊಂಡ ಮೇಲೆ ಬುದ್ಧಿ ಕಲಿತು, ಕಾಫಿ ಸುರಿಯುವ ಮೊದಲು ಲೋಟಕ್ಕೆ ಒಂದು ಸ್ಟೀಲ್ ಚಮಚ ಹಾಕುವ ರೂಢಿ ಮಾಡಿಕೊಂಡರು. ಯಾಕೆಂದು ಕೇಳಿದರೆ, "ಬಿಸಿ ಚಮಚಕ್ಕೆ ಹೋಗ್ಲಿ ಅಂತ" ಎನ್ನುತ್ತಿದ್ದರು. ಅದೇ ವಿಜ್ಞಾನವೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಸೊಸೆಯಿಂದ.

ನಮ್ಮ ಸೊಸೆ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಬೆಂಗಳೂರಿನ ಪೀಣ್ಯದ ಕಡೆ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮದುವೆಯ ಮಾತುಕತೆಯಲ್ಲಿ "ಹುಡುಗಿ ಏನು ಮಾಡ್ತಾಳೆ?" ಎಂದು ನಮ್ಮ ಕಡೆಯವರು ಕೇಳಿದಾಗ ಬೀಗರು "ಲೇಸರಿನಲ್ಲಿ ಗಾಜು ಕತ್ತರಿಸ್ತಾಳೆ" ಎಂದಿದ್ದರು. ನಮ್ಮ ಅತ್ತಿಗೆ ಅದನ್ನು ಬಳೆ ಅಂಗಡಿಯೆಂದು ತಿಳಿದು ಬಹಳ ದಿನ ನನ್ನ ಮೇಲೆ ಕನಿಕರಪಟ್ಟರು. ನಾನೇನೂ ಹೆಚ್ಚು ತಿಳಿದವಳಲ್ಲ. ಬಿ.ಎ., ಬಿ.ಎಡ್. ಮಾಡಿ ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಪಾಠ ಮಾಡುವವಳು. ಲೇಸರ್ ಎಂದರೆ ಬೆಂಕಿಗಿಂತ ಬಿಸಿ ಎಂದಷ್ಟೇ ನನ್ನ ತಿಳಿವಳಿಕೆ. ಬೆಂಕಿಯಿಂದ ಗಾಜು ಕೊಯ್ಯುವುದು ಹೇಗೆ? ಅಜ್ಜಿಯ ಲಾಟೀನು ಕಂಡವಳಿಗೆ ಇದು ನಂಬುವ ಮಾತೇ ಅಲ್ಲ.

2024ರ ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಮೊಮ್ಮಗಳಿಗೆ ಎಂಟು ತಿಂಗಳು. ಸೊಸೆಯ ಹೆರಿಗೆ ರಜೆ ಮುಗಿದು ಅವಳು ಕೆಲಸಕ್ಕೆ ಹೋಗತೊಡಗಿದ್ದಳು, ನಾನು ಮಗು ನೋಡಿಕೊಳ್ಳಲು ಹೋಗಿದ್ದೆ. ಒಂದು ಸಂಜೆ ನಿಂಬೆಕಾಯಿ ಉಪ್ಪಿನಕಾಯಿ ಕಲಸಿ, ಅವಳ ಹೊಸ ಗಾಜಿನ ಜಾಡಿಗೆ ತುಂಬಿ, ಮೇಲೆ ಇಂಗಿನ ಒಗ್ಗರಣೆ ಹಾಕಬೇಕು. ಎಣ್ಣೆ ಆರಲಿ ಎಂದು ಕಾಯುವುದು ನನಗೂ ಗೊತ್ತು. ಆದರೆ ಒಳಗೆ ಮಗು ಅಳುತ್ತಿತ್ತು. ಹಾಗೇ ಸುರಿದೆ. 'ಚಟ್.' ಅದೇ ಸದ್ದು. ಜಾಡಿಯ ಮೇಲಿನಿಂದ ಇಳಿದ ಬಿರುಕು ಬುಡವನ್ನು ಸುತ್ತಿ ಬಂತು, ನಿಂಬೆರಸ ಕಟ್ಟೆಯ ಮೇಲೆಲ್ಲ ಹರಿಯಿತು.

ಆಗ ತಾನೇ ಬಂದ ಸೊಸೆ ಬೇಸರಪಡಲಿಲ್ಲ. ಒಡೆದ ಜಾಡಿಯನ್ನು ಪೇಪರಿಗೆ ಸುತ್ತುತ್ತಾ, "ಗಾಜು ಬಿಸೀನ ಬೇಗ ಹಂಚಿಕೊಳ್ಳಲ್ಲ ಅತ್ತೆ. ಎಣ್ಣೆ ತಾಗಿದ ಜಾಗ ಹಿಗ್ಗಿಬಿಡ್ತು, ಪಕ್ಕದ್ದಕ್ಕೆ ಇನ್ನೂ ಸುದ್ದೀನೇ ಹೋಗಿಲ್ಲ. ಹಿಗ್ಗಿದ್ದು ಹಿಗ್ಗದೇ ಇರೋದನ್ನ ಎಳೀತು, ಒಡೀತು" ಎಂದಳು. ಪ್ರಯೋಗಶಾಲೆಯ ಬೀಕರುಗಳು ಒಲೆಯ ಮೇಲಿಟ್ಟರೂ ಒಡೆಯದಿರಲು ಕಾರಣ, ಆ ಬೋರೋಸಿಲಿಕೇಟ್ ಗಾಜು ಮಾಮೂಲಿ ಗಾಜಿನ ಮೂರನೇ ಒಂದು ಪಾಲಿನಷ್ಟೇ ಹಿಗ್ಗುವುದಂತೆ. "ನಮ್ಮ ಕೆಲಸವೆಲ್ಲ ಇಷ್ಟೇ ನೋಡಿ, ಬಿಸಿ ತಾಗದ ಹಾಗೆ ಗಾಜು ಕೊಯ್ಯೋದು."

ಅಲ್ಲಿಗೆ ಮಾತು ನಿಲ್ಲಬೇಕಿತ್ತು. ರಾತ್ರಿ ಊಟವಾದ ಮೇಲೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾಗ ನನ್ನ ಬಾಯಿಂದ ಹೊರಟಿತು. "ಜೂನಿಗೆ ನನ್ನ ಸ್ಕೂಲು ಶುರುವಾಗುತ್ತೆ. ಈ ಕೂಸನ್ನ ಯಾರ ಕೈಗೋ ಕೊಟ್ಟು ಹೋಗೋ ಬದಲು ಎರಡು ವರ್ಷ ಕೆಲಸ ಬಿಟ್ಟುಬಿಡು. ಗಾಜು ಎಲ್ಲಿಗೂ ಓಡಿಹೋಗಲ್ಲ."

ಅವಳು ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಿ ನೋಡಿ, "ನೀವು ಬಿಟ್ಟಿದ್ರಾ ಅತ್ತೆ?" ಎಂದಳು.

ಮೂರೇ ಮಾತು. ದನಿ ಏರಿರಲಿಲ್ಲ, ಮುಖ ಕೆಂಪಾಗಿರಲಿಲ್ಲ. ಹೇಳಿದವಳು ಬಟ್ಟೆ ಮಡಚುವುದನ್ನು ಮುಂದುವರಿಸಿದಳು. ನನಗೆ ಮಾತ್ರ ಬಿದ್ದ ಕಡೆ ಬಿತ್ತು.

ನಾನು ಬಿಟ್ಟಿರಲಿಲ್ಲ. ಮಗನಿಗೆ ಒಂಬತ್ತು ತಿಂಗಳಾದಾಗ ಅಮ್ಮನ ಮಡಿಲಿಗೆ ಹಾಕಿ, ಬೆಳಗಿನ ಆರೂಕಾಲರ ಬಸ್ಸು ಹಿಡಿದು ಹಳ್ಳಿಯ ಶಾಲೆಗೆ ಹೋಗುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಎದೆ ಕಟ್ಟಿಕೊಂಡು ಹಾಲು ರವಿಕೆಗೆ ಇಳಿಯುತ್ತಿತ್ತು. ಸೆರಗನ್ನು ಎರಡೂ ಭುಜಕ್ಕೆ ಹೊದ್ದುಕೊಂಡು, ಹುಡುಗರ ಕಡೆಗೆ ಬೆನ್ನು ಹಾಕಿ, ಬೋರ್ಡಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಬರೆಯುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಅತ್ತೆಯವರು ಆಗ ನನ್ನನ್ನು ಕೇಳಿದ್ದು ಇದೇ ಮಾತು, "ಎರಡು ವರ್ಷ ಬಿಟ್ಟರೆ ಏನಾಗುತ್ತೆ?" ಎಂದು. ಅದನ್ನೇ ಪಾಠ ಒಪ್ಪಿಸಿದ ಹಾಗೆ ನಾನೂ ಒಪ್ಪಿಸಿದ್ದೆ.

ಮಾರನೆಯ ವಾರವೇ, ರಜೆ ಇನ್ನೂ ಇರುವಾಗಲೇ, ಏನೋ ನೆಪ ಹೇಳಿ ಊರಿಗೆ ಬಂದುಬಿಟ್ಟೆ. ಸೊಸೆಯ ತಾಯಿ ಬಂದು ಮಗು ನೋಡಿಕೊಂಡರು. ಆಮೇಲೆ ಹತ್ತಿರದ ಒಂದು ಶಿಶುವಿಹಾರ ಗೊತ್ತಾಯಿತು. ಅವಳು ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು, ಏನೂ ಆಗದವಳ ಹಾಗೆ, "ಅತ್ತೆ, ಹಲ್ಲು ಬಂತು", "ಅತ್ತೆ, ರಾಗಿ ಸರಿ ಎಷ್ಟು ತೆಳ್ಳಗಿರಬೇಕು?" ಎಂದು. ನಾನು "ಹೂಂ", "ಉಹುಂ" ಎನ್ನುತ್ತಿದ್ದೆ. ನಮ್ಮ ಮನೆಯವರು ಒಂದು ದಿನ, "ನಿನ್ನ ಕೋಪ ಹುರುಳಿ ಬೇಯಿಸಿದ ಒಲೆ ಇದ್ದ ಹಾಗೆ. ಹುರುಳಿ ಬೆಂದು, ಸಾರು ಆಗಿ, ಉಂಡು ಕೈ ತೊಳೆದರೂ ಕೆಂಡ ಹಾಗೇ ಇರುತ್ತೆ" ಎಂದರು. ಆ ಮಾತಿಗೆ ಅವರ ಜೊತೆಗೂ ಎರಡು ದಿನ ಬಿಟ್ಟೆ.

ದಸರಾ ರಜೆ ಬಂತು. "ಫ್ಯಾಕ್ಟರೀಲಿ ಆಯುಧಪೂಜೆ. ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ ಅಂದಿದ್ದಾರೆ, ನೀವು ಬರಲೇಬೇಕು" ಎಂದು ಸೊಸೆ ಹಟ ಹಿಡಿದಳು. ಹಬ್ಬದ ದಿನ ರಜೆಯಾದ್ದರಿಂದ ಹಿಂದಿನ ದಿನವೇ ಪೂಜೆ. ಮೊಮ್ಮಗಳನ್ನು ನೋಡುವ ಆಸೆಗೆ ಹೊರಟೆನೆಂದು ನನಗೆ ನಾನೇ ಹೇಳಿಕೊಂಡೆ.

ಕಾರ್ಖಾನೆಯೆಂದರೆ ಮಸಿ, ಎಣ್ಣೆ, ಧಡಧಡ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಆಸ್ಪತ್ರೆಗಿಂತ ಶುಭ್ರ. ಚಪ್ಪಲಿ ಬಿಡಿಸಿ, ತಲೆಗೆ ಟೋಪಿ ಹಾಕಿಸಿ, ಕಣ್ಣಿಗೊಂದು ಬಣ್ಣದ ಕನ್ನಡಕ ಕೊಟ್ಟರು. ಚೆಂಡು ಹೂವು, ಬಾಳೆಕಂದು, ಬೂದುಗುಂಬಳಕಾಯಿ ಎಲ್ಲ ಹೊರಗಿನ ಕೋಣೆಯಲ್ಲೇ. ಕುಂಕುಮದ ಬಟ್ಟಲು ಹಿಡಿದು ಉತ್ಸಾಹದಿಂದ ಒಳಗೆ ನುಗ್ಗಿದ ಹುಡುಗನನ್ನು ಸೊಸೆ ಬಾಗಿಲಲ್ಲೇ ತಡೆದಳು. ಮಸೂರದ ಮೇಲೆ ಒಂದು ಕಣ ಕುಂಕುಮ ಕೂತರೂ ಬೆಳಕು ಆ ಕಣವನ್ನೇ ಸುಟ್ಟು ಮಸೂರ ಹಾಳಾಗುವುದಂತೆ. ಕೊನೆಗೆ ಯಂತ್ರದ ಹೊರಮೈಗೆ, ಅದೂ ಹಿಂಭಾಗಕ್ಕೆ, ಒಂದು ಬೊಟ್ಟು ಇಡಲು ಅಪ್ಪಣೆಯಾಯಿತು. "ಪೂಜೆ ಆದಮೇಲೆ ಇದನ್ನ ಮುಟ್ಟೋ ಹಾಗಿಲ್ಲ. ಈಗಲೇ ತೋರಿಸಿಬಿಡ್ತೀನಿ, ಬನ್ನಿ" ಎಂದು ನನ್ನನ್ನು ಕರೆದಳು.

ನನ್ನ ಪ್ರಶ್ನೆ ತೀರ ಮೊದಲಿನದು. ಬೆಳಕು ಗಾಜಿನ ಮೂಲಕ ಹಾದುಹೋಗುತ್ತದಲ್ಲ, ಅದಕ್ಕೇ ತಾನೇ ಕಿಟಕಿಗೆ ಗಾಜು ಹಾಕುವುದು? ಹಾದುಹೋಗುವ ಬೆಳಕು ಗಾಜನ್ನು ಕೊಯ್ಯುವುದು ಹೇಗೆ?

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮದುವೆ ಮನೆಯಲ್ಲಿ ಸಾರಿನ ಕೊಪ್ಪರಿಗೆ ಇಳಿಸುವುದನ್ನು ನೀವೆಲ್ಲ ನೋಡಿದ್ದೀರಿ. ಒಬ್ಬರಿಂದ ಅದು ಏಳುವುದಿಲ್ಲ. ಒಬ್ಬರಾದ ಮೇಲೆ ಒಬ್ಬರಂತೆ ನೂರು ಜನ ಬಂದು ಎಳೆದರೂ ಏಳುವುದಿಲ್ಲ. ನಾಲ್ಕು ಜನ ಒಂದೇ ಸಲ 'ಹೂಂ' ಎಂದರೆ ಏಳುತ್ತದೆ. ಗಾಜಿನೊಳಗಿನ ಎಲೆಕ್ಟ್ರಾನೂ ಹಾಗೇ ಭಾರ. ಒಂದು ಬೆಳಕಿನ ಕಣಕ್ಕೆ ಅದನ್ನು ಅಲುಗಿಸಲಾಗದು, ಅದಕ್ಕೇ ಬೆಳಕು ಸುಮ್ಮನೆ ಹಾದುಹೋಗುತ್ತದೆ. ಗಾಜು ಪಾರದರ್ಶಕ ಎನ್ನುತ್ತೇವಲ್ಲ, ಅದು ಇದೇ. ಆದರೆ ಬೆಳಕನ್ನು ಮಸೂರದಿಂದ ಕೂದಲಿಗಿಂತ ಸಣ್ಣ ಜಾಗಕ್ಕೆ ಒತ್ತಿ, ಅತಿ ಕಡಿಮೆ ಹೊತ್ತಿನಲ್ಲಿ ತುರುಕಿದರೆ, ನಾಲ್ಕಾರು ಕಣಗಳು ಒಂದೇ ಗಳಿಗೆಯಲ್ಲಿ ಕೈ ಹಾಕುತ್ತವೆ. ಆಗ ಅಲ್ಲಿ, ಅಷ್ಟೇ ಜಾಗದಲ್ಲಿ, ಗಾಜು ಸೋಲುತ್ತದೆ. ಬೆಳಕು ಎಲ್ಲಿ ಕೂಡುತ್ತದೋ ಅಲ್ಲಿ ಮಾತ್ರ. ಬೇಕಾದರೆ ಗಾಜಿನ ಹೊರಮೈಯನ್ನು ಹಾಗೇ ಬಿಟ್ಟು ಒಳಗೆ ಮಾತ್ರ ಗುರುತು ಮಾಡಬಹುದು.

"ಕಡಿಮೆ ಹೊತ್ತು ಅಂದ್ರೆ ಎಷ್ಟು ಕಣೇ?"

"ಮುನ್ನೂರು ಫೆಮ್ಟೊಸೆಕೆಂಡ್, ಅತ್ತೆ."

ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡು. ನನ್ನ ಮುಖ ನೋಡಿ ಇನ್ನೊಂದು ಲೆಕ್ಕ ಕೊಟ್ಟಳು. ಸೆಕೆಂಡಿನ ಮುಂದೆ ಫೆಮ್ಟೊಸೆಕೆಂಡು ಹೇಗೋ, ಸುಮಾರು 3 ಕೋಟಿ 17 ಲಕ್ಷ ವರ್ಷಗಳ ಮುಂದೆ ಒಂದು ಸೆಕೆಂಡು ಹಾಗೆ. ಇಲ್ಲಿಂದ ಚಂದ್ರನಿಗೆ ಒಂದೂಕಾಲು ಸೆಕೆಂಡು ಚಿಲ್ಲರೆಯಲ್ಲಿ ಮುಟ್ಟುವ ಬೆಳಕು ಮುನ್ನೂರು ಫೆಮ್ಟೊಸೆಕೆಂಡಿನಲ್ಲಿ ಹೋಗುವ ದೂರ ಒಂದು ತಲೆಗೂದಲ ದಪ್ಪದಷ್ಟು. ನಿಮೇಷವೆಂದು ಕಣ್ಣು ರೆಪ್ಪೆ ಬಡಿಯುವುದನ್ನು ಅಳತೆಗೆ ಇಟ್ಟುಕೊಂಡಿದ್ದ ನಮ್ಮ ಹಿರಿಯರೂ ಇಷ್ಟು ಕೆಳಗೆ ಇಳಿದಿರಲಿಲ್ಲ.

ಇಷ್ಟು ಕಡಿಮೆ ಹೊತ್ತಾದರೆ ಏನಾಗುತ್ತದೆ? ಬಿಸಿಗೆ ಹರಡಲು ಸಮಯವೇ ಸಿಗುವುದಿಲ್ಲ. ಬೆಳಕಿನ ಶಕ್ತಿಯನ್ನು ಮೊದಲು ನುಂಗುವುದು ಎಲೆಕ್ಟ್ರಾನುಗಳು. ಅವು ಅದನ್ನು ಗಾಜಿನ ಪರಮಾಣುಗಳಿಗೆ ದಾಟಿಸಿ, ಗಾಜು ಬಿಸಿಯಾಗಲು ಇನ್ನೂ ಹತ್ತಿಪ್ಪತ್ತು ಪಟ್ಟು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಬೆಳಕು ತನ್ನ ಕೆಲಸ ಮುಗಿಸಿ ಹೋಗಿಯಾಗಿದೆ. ಪೆಟ್ಟು ಬಿದ್ದ ಜಾಗದಲ್ಲಷ್ಟೇ ಗುರುತು, ಪಕ್ಕದ ಗಾಜಿಗೆ ಹೆಚ್ಚುಕಡಿಮೆ ಸುದ್ದಿಯೇ ಇಲ್ಲ. ಇದಕ್ಕಿಂತ ನಿಧಾನದ ಲೇಸರಿನಲ್ಲಿ ಒಂದೊಂದು ಮಿಡಿತವೂ ಲಕ್ಷಗಟ್ಟಲೆ ಪಟ್ಟು ಉದ್ದ. ಅದರಲ್ಲಿ ಬಿಸಿ ಪಕ್ಕಕ್ಕೆ ಹರಿದು ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಏಳುತ್ತವೆ. ಅವತ್ತು ಒಡೆಯುವುದಿಲ್ಲ. ಮುಂದೆಂದೋ ಸ್ವಲ್ಪ ಬಗ್ಗಿದರೆ, ಬಿದ್ದರೆ, ಆ ಬಿರುಕಿನಿಂದಲೇ ಶುರುವಾಗಿ ಇಡೀ ಗಾಜು ಹೋಗುತ್ತದೆ.

ಯಂತ್ರ ಓಡಿಸಿದಳು. ನಾನು ಕಿಡಿ ಹಾರುವುದೆಂದು ಕಾದಿದ್ದೆ. ಸಣ್ಣದೊಂದು ಚಿರ್ ಸದ್ದು ಬಿಟ್ಟು ಏನೂ ಇಲ್ಲ. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಾಗ ಗಾಜಿನ ಹಾಳೆಯಲ್ಲಿ ಒಂದರ ಪಕ್ಕ ಒಂದು ಚುಕ್ಕೆ ಬೀಳುತ್ತಾ ವೃತ್ತವಾಗುತ್ತಿತ್ತು. ಒಂದೊಂದು ಚುಕ್ಕೆಯೂ ಮೇಲಿನಿಂದ ಕೆಳಗಿನವರೆಗೆ ಇಳಿದ ಸೂಜಿಗಿಂತ ಸಣ್ಣ ದಾರಿ. ಅಂಚೆಚೀಟಿಯ ಹಾಳೆ ಗೊತ್ತಲ್ಲ, ಸಾಲು ತೂತುಗಳ ಗುಂಟ ಹರಿದರೆ ಸಲೀಸಾಗಿ ಬರುತ್ತದೆ, ಹಾಗೆ. ಸೊಸೆ ಮೆಲ್ಲಗೆ ಒತ್ತಿದಳು. ರೂಪಾಯಿ ನಾಣ್ಯದಷ್ಟು ಅಗಲದ ಗಾಜಿನ ಬಿಲ್ಲೆ ಕೈಗೆ ಬಂತು. ಮುಟ್ಟಿದೆ. ತಣ್ಣಗಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಎರಡು ಅಂಚುಗಳನ್ನು ಪಕ್ಕಪಕ್ಕ ಇಟ್ಟಳು. ಉಕ್ಕಿನ ಗಾಲಿಯಿಂದ ಗೀರಿ ಮುರಿದದ್ದು ಇಲಿ ಕಡಿದ ರೊಟ್ಟಿಯ ಹಾಗಿತ್ತು. ಇನ್ನೊಂದು ಚಾಕುವಿನಿಂದ ಕೊಯ್ದ ಮೈಸೂರು ಪಾಕಿನ ಹಾಗೆ, ಒಳ್ಳೆಯ ಪಾಕದ್ದು.

"ಹಾಗಾದ್ರೆ ಬಿಸೀನೇ ಇಲ್ಲ ಅನ್ನು."

"ಇಲ್ಲ ಅಂತಲ್ಲ ಅತ್ತೆ. ಒಂದು ಪೆಟ್ಟಿಗೆ ಲೆಕ್ಕಕ್ಕಿಲ್ಲದಷ್ಟು. ಆದ್ರೆ ಪೆಟ್ಟಿನ ಮೇಲೆ ಪೆಟ್ಟು ತೀರಾ ಬೇಗಬೇಗ ಒಂದೇ ಜಾಗಕ್ಕೆ ಹಾಕಿದ್ರೆ, ಹಿಂದಿನ ಬಿಸಿ ಆರೋ ಮೊದಲೇ ಮುಂದಿನದು ಸೇರಿಕೊಂಡು ಮತ್ತೆ ಅದೇ ಬಿರುಕು. ಮಧ್ಯೆ ಎಷ್ಟು ಬಿಡಬೇಕು, ಎಷ್ಟು ಬೇಗ ಸರೀಬೇಕು ಅನ್ನೋದೇ ನನ್ನ ಕೆಲಸ. ಯಂತ್ರ ಯಾರು ಬೇಕಾದ್ರೂ ಓಡಿಸಬಹುದು."

ನಾನು ಏನೂ ಅನ್ನಲಿಲ್ಲ. ತರಗತಿಯಲ್ಲಿ ಒಂದು ತಪ್ಪಿಗೆ ನಲವತ್ತು ನಿಮಿಷದ ಪೀರಿಯಡ್ಡು ಪೂರ್ತಿ ಬೈಯುವ ಅಭ್ಯಾಸ ನನಗಿದೆ. ಬೈಸಿಕೊಂಡ ಕೆಲವು ಮುಖಗಳು ಅಲ್ಲೇ ನಿಂತ ಹಾಗೆ ನೆನಪಿಗೆ ಬಂದವು.

ಅವಳ ಮೇಜಿನ ಹಿಂದೆ ಗೋಡೆಯ ಮೇಲೆ ಇಬ್ಬರು ಪರದೇಶದ ಹೆಂಗಸರ ಚಿತ್ರ ಅಂಟಿಸಿದ್ದಳು. ಕಸ ಗುಡಿಸುವ ಆಯಾ ಅವರನ್ನು ಮಾಲೀಕರ ಮನೆಯ ಹಿರಿಯರೆಂದು ತಿಳಿದು ಇಬ್ಬರಿಗೂ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕಿಬಿಟ್ಟಿದ್ದರು. ಸೊಸೆ ನೋಡಿ ಗಾಬರಿಯಿಂದ ಓಡಿಹೋಗಿ ಬಲಗಡೆಯ ಚಿತ್ರದ ಹಾರ ತೆಗೆದಳು. "ಅಯ್ಯೋ, ಇವರು ಬದುಕಿದ್ದಾರೆ!"

ಬದುಕಿರುವವರು ಕೆನಡಾದ ಡೊನ್ನಾ ಸ್ಟ್ರಿಕ್‌ಲ್ಯಾಂಡ್. ಲೇಸರ್ ಹುಟ್ಟಿದ್ದು 1960ರಲ್ಲಿ. ಕಿರುಮಿಡಿತದ ಬೆಳಕನ್ನು ಬಲಪಡಿಸಹೋದರೆ ಬಲಪಡಿಸುವ ಗಾಜೇ ಸುಟ್ಟು ಒಡೆಯುತ್ತಿತ್ತಂತೆ. ಅಮೆರಿಕದ ರಾಚೆಸ್ಟರಿನಲ್ಲಿ ವಿದ್ಯಾರ್ಥಿನಿಯಾಗಿದ್ದ ಈಕೆ, ತನ್ನ ಗುರು ಜೆರಾರ್ ಮುರು ಅವರ ಜೊತೆ ಸೇರಿ 1985ರಲ್ಲಿ ಉಪಾಯ ತೋರಿಸಿದರು. ಮಿಡಿತವನ್ನು ಮೊದಲು ಉದ್ದಕ್ಕೆ ಎಳೆದು ತೆಳುವಾಗಿಸು, ತೆಳುವಾದ ಮೇಲೆ ಬಲ ತುಂಬು, ಆಮೇಲೆ ಮತ್ತೆ ಒತ್ತಿ ಗಿಡ್ಡ ಮಾಡು. ಎಳೆಯಲು ಬಳಸಿದ್ದು ಉದ್ದನೆಯ ಗಾಜಿನ ಎಳೆ. ಎರಡೂವರೆ ಕಿಲೋಮೀಟರ್ ತರಿಸಿದರೆ ಬೆಳಕು ಆ ತುದಿಗೆ ಬರಲೇ ಇಲ್ಲ, ಎಳೆ ನಡುವೆ ಎಲ್ಲೋ ಮುರಿದಿತ್ತು! ಉಳಿದ 1.4 ಕಿಲೋಮೀಟರಿನಲ್ಲೇ ಕೆಲಸ ಸಾಧಿಸಿದರು. ಮುರಿದ ಗಾಜಿನಲ್ಲಿ ಸಂಸಾರ ನಡೆಸುವುದು ಹೆಂಗಸರಿಗೆ ಹೊಸದೇನಲ್ಲ. 2018ರಲ್ಲಿ ಗುರು ಶಿಷ್ಯೆ ಇಬ್ಬರಿಗೂ ನೊಬೆಲ್ ಬಂತು. ಇದೇ ಬಗೆಯ ಬೆಳಕಿನಿಂದ ಈಗ ಕಣ್ಣಿನ ಕರಿಯಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯನ್ನೂ ಅಲಗು ತಾಗಿಸದೆ ಕೊಯ್ದು ಕನ್ನಡಕ ಬಿಡಿಸುತ್ತಾರೆ.

ಎಡಗಡೆಯವರು ಮರಿಯಾ ಗೆಪರ್ಟ್ ಮೇಯರ್. ಅವರು 1972ರಲ್ಲಿ ತೀರಿಕೊಂಡರು, ಹಾರ ಇರಬಹುದು. ಕೊಪ್ಪರಿಗೆ ಎತ್ತುವ ಹಾಗೆ ಎರಡು ಬೆಳಕಿನ ಕಣಗಳು ಒಟ್ಟಿಗೆ ಕೈಹಾಕಬಲ್ಲವು ಎಂದು ಜರ್ಮನಿಯ ಗಾಟಿಂಗೆನ್ನಿನಲ್ಲಿ ಪಿಎಚ್.ಡಿ. ಪ್ರಬಂಧಕ್ಕಾಗಿ ಲೆಕ್ಕ ಹಾಕಿ ಹೇಳಿದಾಗ 1930ರ ಸುಮಾರು, ಲೇಸರಿನ ಹೆಸರೂ ಇರಲಿಲ್ಲ. ಅದು ನಿಜವೆಂದು ಕಣ್ಣಿಗೆ ಕಂಡದ್ದು 1961ರಲ್ಲಿ. ಮದುವೆಯಾಗಿ ಅಮೆರಿಕಕ್ಕೆ ಹೋದಾಕೆ ಎರಡು ಮಕ್ಕಳನ್ನು ಸಾಕುತ್ತಾ, ಗಂಡ ಪ್ರಾಧ್ಯಾಪಕರಾಗಿದ್ದ ಕಡೆಗಳಲ್ಲಿ ವರ್ಷಾನುಗಟ್ಟಲೆ ಸಂಬಳವಿಲ್ಲದೆಯೋ, ಹೆಸರಿಗಷ್ಟು ಸಂಬಳಕ್ಕೋ ದುಡಿದರು. ಪೂರ್ತಿ ಸಂಬಳದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ, ಐವತ್ತು ದಾಟಿದ ಮೇಲೆ. 1963ರಲ್ಲಿ ಪರಮಾಣು ಬೀಜದ ರಚನೆಯ ಬೇರೆ ಕೆಲಸಕ್ಕೆ ನೊಬೆಲ್ ಬಂದಾಗ, ಅವರ ಊರಿನ ಪತ್ರಿಕೆಯೊಂದು 'ಊರಿನ ತಾಯಿಗೆ ನೊಬೆಲ್' ಎಂಬ ಅರ್ಥದ ತಲೆಬರಹ ಕೊಟ್ಟಿತಂತೆ. ತಾಯಿ ಎಂದದ್ದು ತಪ್ಪಲ್ಲ. ಗಂಡಸಿಗೆ ಬಂದಿದ್ದರೆ ತಂದೆ ಎನ್ನುತ್ತಿದ್ದರೇ, ನೀವೇ ಹೇಳಿ.

ಪೂಜೆಯಾಯಿತು. ಕುಂಬಳಕಾಯಿ ಒಡೆದರು, ಪುರಿ, ಸಿಹಿ ಹಂಚಿದರು. ಶಿಶುವಿಹಾರದಿಂದ ಮೊಮ್ಮಗಳನ್ನು ಎತ್ತಿಕೊಂಡು ಆಟೋ ಹತ್ತಿದೆವು. ಜಾಲಹಳ್ಳಿ ಕ್ರಾಸಿನಲ್ಲಿ ಗಾಡಿಗಳು ನಿಂತುಬಿಟ್ಟವು. ಹಬ್ಬದ ಹಿಂದಿನ ಸಂಜೆ, ಬಾಳೆಕಂದು ಕಟ್ಟಿದ ಲಾರಿಗಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

"ನಾನೂ ಬಿಟ್ಟಿರಲಿಲ್ಲ ಕಣಮ್ಮ" ಎಂದೆ.

"ಏನನ್ನ ಅತ್ತೆ?"

"ಅವತ್ತು ನೀನು ಕೇಳಿದೆಯಲ್ಲ."

"ಯಾವತ್ತು?"

ನಾನು ಅವಳ ಮುಖ ನೋಡಿದೆ. ನಟನೆಯಲ್ಲ. ಅವಳಿಗೆ ನಿಜವಾಗಿ ನೆನಪಿರಲಿಲ್ಲ. ಮೇ ತಿಂಗಳಿನಿಂದ ಐದು ತಿಂಗಳು ನಾನು ಅಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ಕೆಂಡ! ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಆರೂಕಾಲರ ಬಸ್ಸು, ಹೊದ್ದ ಸೆರಗು, ಬೋರ್ಡಿಗೆ ಮುಖ ಮಾಡಿ ನಿಲ್ಲುತ್ತಿದ್ದದ್ದು ಎಲ್ಲ ಹೇಳಿದೆ. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ, "ಇದು ಇವರಿಗೆ ಗೊತ್ತಾ?" ಎಂದಳು, ನನ್ನ ಮಗನನ್ನು ಕುರಿತು. ಇಲ್ಲ ಎಂದೆ. "ಹೇಳಿ" ಎಂದಳು. ಆ ಸಲ ಹೇಳಲಿಲ್ಲ. ಇನ್ನೂ ಹೇಳಿಲ್ಲ.

ಊರಿಗೆ ಬಂದ ಮೇಲೆ ಅಜ್ಜಿಯ ಹಳೆಯ ಫೋಟೋಗೆ ಕಟ್ಟು ಹಾಕಿಸಲು ಬಸ್‌ಸ್ಟ್ಯಾಂಡ್ ಹತ್ತಿರದ ಸಾಬರ ಅಂಗಡಿಗೆ ಹೋದೆ. ನಲವತ್ತು ವರ್ಷದಿಂದ ಗಾಜು ಕೊಯ್ಯುತ್ತಿರುವವರು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಬಿಲ್ಲೆಯನ್ನು ಅವರ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನಿಂದ ಅಂಚು ಸವರಿದರು, ಬೆಳಕಿಗೆ ಹಿಡಿದರು, ಮತ್ತೆ ಸವರಿದರು.

"ಉಜ್ಜಿದ್ದಲ್ಲ ಇದು, ಟೀಚರಮ್ಮ. ಯಾರು ಕೊಯ್ದಿದ್ದು?"

"ನಮ್ಮ ಸೊಸೆ" ಎಂದೆ.

"ಏನ್ರಲ್ಲಿ?"

"ಬೆಳಕಿನಲ್ಲಿ."

ಅವರು ಒಂದು ಸಲ ನನ್ನನ್ನು, ಒಂದು ಸಲ ಬಿಲ್ಲೆಯನ್ನು ನೋಡಿ, "ಮಿಷಿನ್ನಿಗೆ ಎಷ್ಟಾಗುತ್ತೆ?" ಎಂದರು.

"ಕೋಟಿ ಲೆಕ್ಕದಲ್ಲಂತೆ."

"ಹಂಗಾದ್ರೆ ನಮಗೆ ಈ ವಜ್ರಾನೇ ಸಾಕು ಬಿಡಿ" ಎಂದು ಕಟರನ್ನು ಸೀಮೆಎಣ್ಣೆಯ ಡಬ್ಬಿಗೆ ಅದ್ದಿದರು. ಸ್ಕೇಲು ಇಟ್ಟು ಒಂದೇ ಸಲ, ಎಲ್ಲೂ ನಿಲ್ಲಿಸದೆ, ಕರ್ರ್ ಎಂದು ಎಳೆದರು. ಗಾಜನ್ನು ಮೇಜಿನ ಅಂಚಿಗೆ ತಂದು ಮುರಿಯುವಾಗ ಅಭ್ಯಾಸಬಲದಿಂದ ನಾನು ಕಣ್ಣು ಮುಚ್ಚಿಕೊಂಡೆ. "ತೆಗೀರಿ ಕಣ್ಣು, ಆಯ್ತು" ಎಂದರು. ಅಜ್ಜಿಯ ಮುಖದ ಮೇಲೆ ಅಳತೆಗೆ ಸರಿಯಾಗಿ ಕೂತಿತ್ತು.